ಬ್ರಾಂದಿ ಕದಿರಪ್ಪನ ಹೊಸ ಬೋರ್ಡು

ಕ್ಯಾಲನೂರಿನಲ್ಲಿ ಕದಿರಪ್ಪ ಎಂಬ ಹೆಸರಿಗೆ ಬರವಿಲ್ಲ. ಹಾಲಿನ ಡೇರಿ ಮುಂದೆ ನಿಂತು "ಕದಿರಪ್ಪಾ" ಎಂದು ಒಂದು ಕೂಗು ಹಾಕಿದರೆ ಕ್ಯಾನು ಹಿಡಿದ ಅರ್ಧ ಸಾಲು ತಿರುಗಿ ನೋಡುತ್ತದೆ. ಎಲ್ಲರೂ ಕದಿರಿ ನರಸಿಂಹಸ್ವಾಮಿಗೆ ಹರಕೆ ಹೊತ್ತು ಹುಟ್ಟಿದವರೇ. ಸ್ವಾಮಿ ಮಕ್ಕಳನ್ನು ಧಾರಾಳವಾಗಿ ಕೊಟ್ಟ, ಹೆಸರು ಮಾತ್ರ ಒಂದೇ ಕೊಟ್ಟ. ಹೀಗಾಗಿ ಊರಿನವರು ತಮ್ಮ ಅನುಕೂಲಕ್ಕೆ ಒಬ್ಬೊಬ್ಬ ಕದಿರಪ್ಪನಿಗೂ ಒಂದೊಂದು ಗುರುತು ಅಂಟಿಸಿದ್ದರು. ಎಮ್ಮೆ ಸಾಕಿದವನು ಎಮ್ಮೆ ಕದಿರಪ್ಪ. ರೈಲ್ವೆ ಗೇಟಿನ ಹತ್ತಿರ ಜಮೀನು ಕೊಂಡವನು ಗೇಟ್ ಕದಿರಪ್ಪ; ಜಮೀನು ಮಾರಿ ಎಷ್ಟೋ ಕಾಲವಾದರೂ ಗೇಟು ಅವನನ್ನು ಬಿಟ್ಟಿಲ್ಲ. ನಮ್ಮ ಕಥೆಯ ಕದಿರಪ್ಪ ಶ್ರೀನಿವಾಸಪುರದಲ್ಲಿ ಗಡಿ ಮದ್ಯ ತಪಾಸಣಾ ಮಂಡಳಿಯ ಕಚೇರಿಯಲ್ಲಿ ಗುಮಾಸ್ತ. ಆದ್ದರಿಂದ ಅವನು ಬ್ರಾಂದಿ ಕದಿರಪ್ಪ.

ಇದಕ್ಕಿಂತ ಅನ್ಯಾಯ ಇನ್ನೊಂದಿರಲಿಲ್ಲ. ಕದಿರಪ್ಪ ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ, ಮೆಡಿಕಲ್ ಸ್ಟೋರಿನವನಿಂದ ಆಣೆ ಹಾಕಿಸಿಕೊಂಡ ಮೇಲೆಯೇ ಬಾಯಿಗೆ ಬಿಟ್ಟುಕೊಳ್ಳುವವನು. ಅಂಥವನನ್ನು ಬಸ್‌ಸ್ಟ್ಯಾಂಡಿನಲ್ಲಿ ತೂರಾಡುತ್ತ ಬಿದ್ದವರೂ ಕೂಡ "ಏನ್ ಬ್ರಾಂದಿ ಕದಿರಪ್ಪಣ್ಣ, ಚೆನ್ನಾಗಿದ್ದೀಯಾ?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಊರೊಳಗಿನ ಮಾತು ಊರೊಳಗೇ ಇದ್ದರೆ ಇರಲಿ ಎಂದು ಅವನೂ ಸಹಿಸಿಕೊಂಡಿದ್ದ. ಆದರೆ ಮಾಲೂರಿನ ಒಂದು ಮದುವೆಯಲ್ಲಿ ಅದು ಮೈಕಿಗೆ ಹತ್ತಿಬಿಟ್ಟಿತು.

ಅದು ಅವನ ಹೆಂಡತಿ ಬೈರಮ್ಮನ ಅಣ್ಣನ ಮಗನ ಮದುವೆ. ನಮ್ಮ ಕಡೆ ಯಾರು ಏನು ಮುಯ್ಯಿ ಮಾಡಿದರು ಎಂಬುದನ್ನು ಗುಟ್ಟಾಗಿಡುವ ಪದ್ಧತಿಯಿಲ್ಲ, ಮೈಕಿನಲ್ಲಿ ಕೂಗುತ್ತಾರೆ. ಕೂಗುವುದಕ್ಕೆ ಕ್ಯಾಲನೂರಿನ ಆವಲಪ್ಪನನ್ನು ಕರೆಸಿದ್ದರು. ಆವಲಪ್ಪನ ಗಂಟಲು ಎಂಥದ್ದೆಂದರೆ ಮೈಕು ಕೈಕೊಟ್ಟರೂ ಮದುವೆ ನಿಲ್ಲುತ್ತಿರಲಿಲ್ಲ. ಅವನು ಎದೆಯುಬ್ಬಿಸಿ ಕೂಗಿದ: "ಕ್ಯಾಲನೂರಿನ ಬ್ರಾಂದಿ ಕದಿರಪ್ಪನವರಿಂದ ಹಿತ್ತಾಳೆ ಬಿಂದಿಗೇ!"

ಆಗ ಕದಿರಪ್ಪನ ಪಕ್ಕದ ಎಲೆಯಲ್ಲಿ ಪಾಯಸ ಸವಿಯುತ್ತಿದ್ದವರು ಚನ್ನರಾಯಪ್ಪನವರು. ಮಾಲೂರಿನ ಹೆಂಚಿನ ಕಾರ್ಖಾನೆಯಿಂದ ನಿವೃತ್ತರಾಗಿ, ಅಲ್ಲಿನ ಒಂದು ಭಜನಾ ಮಂಡಳಿಯ ಅಧ್ಯಕ್ಷರಾಗಿದ್ದವರು. ಅವರ ಮಗ ನರೇಶ ನರಸಾಪುರದ ಕಂಪನಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಆ ನರೇಶನಿಗೆ ಕದಿರಪ್ಪನ ಮಗಳು ಪವಿತ್ರಳನ್ನು ಕೊಡುವುದೆಂದು ಹಿಂದಿನ ವಾರವಷ್ಟೇ ಮಾತಾಗಿತ್ತು. ಚನ್ನರಾಯಪ್ಪನವರು ಎತ್ತಿದ ಪಾಯಸದ ಕೈಯನ್ನು ಎಲೆಗೆ ಇಳಿಸಿ, ಕದಿರಪ್ಪನ ಕಡೆ ತಿರುಗಿದರು.

"ಬೀಗರೇ, ಈಗ ಕೂಗಿದ್ದು ನಿಮ್ಮನ್ನೇ ಅಲ್ವಾ?"

"ಹೌದು... ಅಂದ್ರೆ... ಬಿಂದಿಗೆ ನಮ್ಮದೇ."

"ಬ್ರಾಂದಿ?"

"ಅದು ಆಫೀಸ್ದು!"

ಈ ಉತ್ತರದಿಂದ ವಿಷಯ ತಿಳಿಯಾಗಲಿಲ್ಲ. ಕದಿರಪ್ಪ ಆಫೀಸು, ಬೋರ್ಡು, ಊರಿನ ಕದಿರಪ್ಪಂದಿರ ಸಂತೆ ಎಲ್ಲವನ್ನೂ ಮಜ್ಜಿಗೆ ಅನ್ನ ಬರುವವರೆಗೂ ವಿವರಿಸಿದ. ಚನ್ನರಾಯಪ್ಪನವರು ಸಮಾಧಾನದಿಂದ ಕೇಳಿ, ಕೈ ತೊಳೆದು ಬಂದು, ಅವನನ್ನು ಕಂಬದ ಮರೆಗೆ ಕರೆದುಕೊಂಡು ಹೋದರು.

"ನೋಡಿ ಬೀಗರೇ, ಹುಡುಗಿ ಲಕ್ಷಣವಾಗಿದಾಳೆ. ನಿಮ್ಮ ಆಫೀಸು ಏನಾದ್ರೂ ಆಗ್ಲಿ, ನಂಗೇನಿಲ್ಲ. ಆದ್ರೆ ಮದುವೆಗೆ ನಮ್ಮ ಭಜನೆಯವರು ಪೂರ್ತಾ ಬರ್ತಾರೆ, ತಾಳ ತಂಬೂರಿ ಸಮೇತ. ಅವರ ಕಿವಿಗೆ ಮೈಕಲ್ಲಿ ಆ ಹೆಸರು ಬಿತ್ತು ಅನ್ಕೊಳ್ಳಿ, ಧಾರೆಗೂ ಕಾಯಲ್ಲ ನಾನು. ಹುಡುಗನ್ನ ಹಸೆಮಣೆಯಿಂದ ಎಬ್ಬಿಸ್ಕೊಂಡು ಬಸ್ ಹತ್ತಿಸ್ತೀನಿ."

ಕದಿರಪ್ಪ ಊರಿಗೆ ಬಂದವನೇ ಚಪ್ಪಲಿ ಕೂಡ ಬಿಡದೆ ನೇರ ಆವಲಪ್ಪನ ಮನೆಗೆ ಹೋದ. "ಲೇ ಆವಲಪ್ಪ, ಪವಿತ್ರನ ಮದುವೇಲಿ ಬರೀ ಕದಿರಪ್ಪ ಅಂತ ಕೂಗ್ಬೇಕು, ಅಷ್ಟೇ."

ಆವಲಪ್ಪ ತನ್ನ ಕಸುಬಿನಲ್ಲಿ ಕಟ್ಟುನಿಟ್ಟಿನವನು. "ಅದೆಂಗಾಗುತ್ತಣ್ಣಾ? ಹೆಣ್ಣಿನ ತಂದೆ ಕದಿರಪ್ಪ ಅಂತ ನಾನು ಕೂಗಿದ್ರೆ ಚಪ್ಪರದಲ್ಲಿ ಹತ್ತು ಜನ ಎದ್ದು ನಿಲ್ತಾರೆ. ಹೆಣ್ಣಿಗೆ ತಂದೆ ಒಬ್ಬನೇ ಇರ್ಬೇಕಲ್ವಾ?" ಎಂದ. ಕದಿರಪ್ಪನ ಮುಖ ನೋಡಿ ಅವನಿಗೇ ಕನಿಕರವಾಯಿತು. "ಬೇರೆ ಗುರುತು ತಾ, ಅದನ್ನೇ ಕೂಗ್ತೀನಿ. ಆದ್ರೆ ಊರು ಒಪ್ಪಿರ್ಬೇಕು. ನೀನೇ ಹುಟ್ಟಿಸ್ಕೊಂಡಿದ್ದೆಲ್ಲ ನಾನು ಕೂಗಲ್ಲ."

ಮದುವೆ ಶ್ರಾವಣದಲ್ಲಿ. ಅಷ್ಟರೊಳಗೆ ಬ್ರಾಂದಿಯನ್ನು ತೊಳೆದುಕೊಂಡು ಬೇರೆ ಕದಿರಪ್ಪನಾಗಲೇಬೇಕು ಎಂದು ಅವನು ಅವತ್ತೇ ತೀರ್ಮಾನ ಮಾಡಿದ. ಕದಿರಪ್ಪ ಸಾಮಾನ್ಯವಾಗಿ ತೀರ್ಮಾನ ಮಾಡುವವನಲ್ಲ; ಅಂಗಡಿಯಲ್ಲಿ ಯಾವ ಸೋಪು ಎಂದು ಕೇಳಿದರೂ ಮನೆಗೆ ಫೋನ್ ಮಾಡುವ ಪೈಕಿ. ಅಂಥವರು ಒಂದು ಸಲ ತೀರ್ಮಾನ ಮಾಡಿಬಿಟ್ಟರೆ ಅವರನ್ನು ತಡೆಯಲು ಬಂದವರು ದಾರಿ ಬಿಡುವುದೇ ಕ್ಷೇಮ.

ಅವನ ಅದೃಷ್ಟವೋ ಗ್ರಹಚಾರವೋ, ಅದೇ ದಿನಗಳಲ್ಲಿ ಸರ್ಕಾರ ಗಡಿ ಮದ್ಯ ತಪಾಸಣಾ ಮಂಡಳಿಯ ತಲೆಗೆ ಗಾಂಜಾ ಹಿಡಿಯುವ ಕೆಲಸವನ್ನೂ ಕಟ್ಟಿತು. ಕೆಲಸ ಹೊಸದಾದ ಮೇಲೆ ಹೆಸರೂ ಹೊಸದಾಗಬೇಕು. ಪ್ರತಿ ಶಾಖೆಯೂ ಒಂದೊಂದು ಹೆಸರು ಸೂಚಿಸಬೇಕೆಂದು ಬೆಂಗಳೂರಿನಿಂದ ಆದೇಶ ಬಂತು.

ಶ್ರೀನಿವಾಸಪುರದ ಶಾಖೆಗೆ ಅಧಿಕಾರಿ ಶ್ರೀಧರ್. ವಯಸ್ಸು ಚಿಕ್ಕದು, ಆಸೆ ಒಂದೇ, ಬೆಂಗಳೂರಿಗೆ ವರ್ಗ. ಅದಕ್ಕಾಗಿ ಅವರು ಬೆಳಗಿನಿಂದ ಸಂಜೆವರೆಗೆ ಯಾರ ಯಾರದೋ ಭಾವಮೈದುನರಿಗೆ ಫೋನು ಮಾಡುತ್ತಿದ್ದರು.

"ಮದ್ಯ ಮತ್ತು ಗಾಂಜಾ ಅಂತ ಹಾಕಿ ಕಳಿಸ್ರೀ ಕದಿರಪ್ಪ. ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ?" ಎಂದರು ಅವರು, ಫೋನಿಗೆ ಕೈ ಅಡ್ಡ ಹಿಡಿದು.

ಕದಿರಪ್ಪ ಪೆನ್ನು ಕೆಳಗಿಟ್ಟ. ಇದ್ದ ಬ್ರಾಂದಿಯೇ ಹೋಗಿಲ್ಲ, ಅದರ ಮೇಲೆ ಗಾಂಜಾ ಬೇರೆ! "ಸಾರ್, ಒಂದ್ ಮಾತು. ರಸ್ತೆ ಮೇಲಿನ ಬೋರ್ಡು. ಸ್ಕೂಲ್ ಮಕ್ಕಳು ಓಡಾಡ್ತವೆ. 'ಅಮ್ಮಾ, ಗಾಂಜಾ ಅಂದ್ರೇನು' ಅಂತ ಕೇಳಿದ್ರೆ ಹೆತ್ತವರು ಏನ್ ಹೇಳ್ಬೇಕು ಸಾರ್?"

"ಮತ್ತೇನ್ ಹಾಕೋಣ ಅಂತೀರಾ?"

"ಬ್ರಾಂದಿ ಅಂದ್ರೆ ಏನು ಸಾರ್? ದ್ರವ. ಗಾಂಜಾ ಅಂದ್ರೆ ಏನು? ಸಸ್ಯ. ಗಡಿ ಸಸ್ಯ ಮತ್ತು ದ್ರವ ಮಂಡಳಿ! ಎಷ್ಟ್ ಗೌರವವಾಗಿದೆ ನೋಡಿ ಸಾರ್. ಒಂದಕ್ಷರ ಸುಳ್ಳಿಲ್ಲ."

"ತಪಾಸಣೆ ಎಲ್ಲೋಯ್ತು?"

"ತಪಾಸಣೆ ಅಂದ್ರೆ ಜನ ಸುಮ್ನೆ ಹೆದರ್ಕೋತಾರೆ ಸಾರ್."

ಅಷ್ಟರಲ್ಲಿ ಆ ಕಡೆಯ ಭಾವಮೈದುನ ಫೋನು ಎತ್ತಿದ. ಶ್ರೀಧರ್ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಸೈನು ಹಾಕಿದರು. ಮುಳಬಾಗಿಲಿನ ಶಾಖೆಯವರು ಯಾವ ಹೆಸರು ಕಳಿಸಬೇಕೆಂದು ತಮ್ಮತಮ್ಮಲ್ಲೇ ಜಗಳವಾಡಿಕೊಂಡು ಏನನ್ನೂ ಕಳಿಸಲಿಲ್ಲ. ಉಳಿದವರು ಮರೆತರು. ಹೀಗೆ ಸರ್ಕಾರದ ಮುಂದೆ ಇದ್ದ ಹೆಸರು ಒಂದೇ ಆದ್ದರಿಂದ ಅದು ಭಾರೀ ಬಹುಮತದಿಂದ ಆಯ್ಕೆಯಾಯಿತು. ಜಂಟಿ ನಿರ್ದೇಶಕಿ ಗಂಗರತ್ನಮ್ಮನವರು ಬಂದು ವಿಧಿವತ್ತಾಗಿ ಉದ್ಘಾಟಿಸುವ ತನಕ ಇರಲೆಂದು ಕದಿರಪ್ಪ ತಾನೇ ನಿಂತು ಹಸಿರು ಬಣ್ಣದಲ್ಲಿ ಹೊಸ ಬೋರ್ಡು ಬರೆಸಿದ. ಮೂಲೆಯಲ್ಲಿ ಒಂದು ಎಲೆ, ಒಂದು ಹನಿ.

ಮಾರನೆಯ ಬೆಳಿಗ್ಗೆ ಅವನು ಹಾಲಿನ ಡೇರಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. "ಎಲ್ರೂ ಕೇಳ್ರಪ್ಪಾ. ಬ್ರಾಂದಿ ಆಫೀಸು ಮುಚ್ಚೋಯ್ತು. ಈಗ ನಂದು ಸಸ್ಯ ಇಲಾಖೆ. ಇನ್ಮೇಲೆ ಸಸ್ಯ ಕದಿರಪ್ಪ ಅಂತ ಕರೀಬೇಕು."

ಹಾಲಿಗೆ ಡಿಗ್ರಿ ನೋಡುತ್ತಿದ್ದ ಡೇರಿಯ ಶಾಮಲಮ್ಮ ತಲೆಯೆತ್ತಿದಳು. ಹಾಲಿಗೆ ನೀರು ಬೆರೆಸಿದವರನ್ನು ಹಿಡಿದು ಹಿಡಿದು ಅವಳಿಗೆ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸ ಹೋಗಿತ್ತು. "ಸಸ್ಯ ಅಂದ್ರೆ ಟೊಮೇಟೊನೂ ಬರುತ್ತಾ ಕದಿರಪ್ಪಣ್ಣ?"

ಇಲ್ಲಿ ಕದಿರಪ್ಪ ಒಂದು ಕ್ಷಣ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬರುವುದಿಲ್ಲ ಎಂದರೆ ಮತ್ತೇನು ಬರುತ್ತದೆ ಎಂದು ಕೇಳುತ್ತಾಳೆ. ಏನು ಬರುತ್ತದೆ ಎಂದು ಹೇಳಿದರೆ ಪುನಃ ಬ್ರಾಂದಿ.

"ಬರುತ್ತೆ!" ಎಂದ ಗಟ್ಟಿಯಾಗಿ.

ಟೊಮೇಟೊ ಬೆಳೆಯುವ ಸೀಮೆಯಲ್ಲಿ ಇಂಥ ಮಾತು ಆಡಬಾರದು. ನಮ್ಮ ರೈತರಿಗೆ ಗಿಡಕ್ಕೆ ಕಾಯಿಲೆ ಬಂದರೆ ಮೊದಲು ಮಾಡುವ ಕೆಲಸ ಒಂದೇ: ಒಂದು ರೆಂಬೆ ಮುರಿದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಡಿಯ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಔಷಧಿ ಅಂಗಡಿಗೆ ಹೋಗಿ "ಇದಕ್ಕೇನ್ ಹೊಡೀಬೇಕು?" ಎಂದು ಕೇಳುವುದು. ಅಂಗಡಿಯವನು ಎಲೆ ನೋಡುವ ಮೊದಲೇ ಬಾಟಲಿ ಇಳಿಸುತ್ತಾನೆ. ಈಗ ಸರ್ಕಾರವೇ ಎಲೆ ಚಿತ್ರದ ಬೋರ್ಡು ಹಾಕಿಕೊಂಡು, ಒಳಗೆ ನಮ್ಮವನೇ ಒಬ್ಬನನ್ನು ಕೂರಿಸಿಕೊಂಡಿದೆ ಎಂದರೆ ಕೇಳಬೇಕೆ? ವಾರ ಕಳೆಯುವುದರೊಳಗೆ ಕಚೇರಿಯ ಮುಂದೆ ಕವರುಗಳ ಸಾಲು ನಿಂತಿತು. ಮುದುರಿದ ಟೊಮೇಟೊ ಎಲೆ, ಚುಕ್ಕೆ ಬಿದ್ದ ಹಿಪ್ಪುನೇರಳೆ, ಬಾಡಿದ ಬೀನ್ಸ್ ಬಳ್ಳಿ. ದ್ರವವನ್ನೂ ಜನ ಮರೆಯಲಿಲ್ಲ. ಒಬ್ಬ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತಂದು ಕುಡಿದು ನೋಡಿ ಹೇಳಿ ಎಂದು ಹಠ ಹಿಡಿದ. ಕದಿರಪ್ಪ ಕುಡಿದು, ಕಣ್ಣು ಮುಚ್ಚಿ, "ಸ್ವಲ್ಪ ಗಡಸು" ಎಂದ.

ಅವರಲ್ಲಿ ಒಬ್ಬನನ್ನೂ ಅವನು ವಾಪಸ್ಸು ಕಳಿಸುವಂತಿರಲಿಲ್ಲ. ಕಳಿಸಬೇಕಾದರೆ ಇದು ಅಂಥ ಆಫೀಸಲ್ಲ ಎನ್ನಬೇಕು. ಮತ್ತೆ ಎಂಥ ಆಫೀಸು ಎಂದರೆ ಮಗಳ ಹಸೆಮಣೆ ಕಣ್ಣ ಮುಂದೆ ಬರುತ್ತಿತ್ತು. ಅವನು ಮೊದಲನೇ ದಿನವೇ ಹಿಂದಿನ ಬಾಗಿಲಿಗೆ ಹೋಗಿ ಹೆಂಡತಿಗೆ ಫೋನು ಮಾಡಿದ.

"ಬೈರಮ್ಮಾ, ಟೊಮೇಟೊ ಎಲೆ ಮುದುರಿದ್ರೆ ಏನ್ ಮಾಡ್ತಾರೆ?"

"ನನ್ನನ್ನೇನ್ ಕೇಳ್ತೀರಿ? ನಮ್ಮತ್ತೆ ಯಾವ ಗಿಡಕ್ಕೆ ಏನ್ ಬಂದ್ರೂ ಹುಳಿ ಮಜ್ಜಿಗೆ ಚಿಮುಕಿಸಿ ಬುಡಕ್ಕೆ ಬೂದಿ ಹಾಕೋರು. ಉಳಿದ್ರೆ ಉಳೀತು, ಹೋದ್ರೆ ಹೋಯ್ತು."

ಅವತ್ತಿನಿಂದ ಗಡಿ ಸಸ್ಯ ಮತ್ತು ದ್ರವ ಮಂಡಳಿಯ ಅಧಿಕೃತ ಚಿಕಿತ್ಸೆ ಹುಳಿ ಮಜ್ಜಿಗೆ ಮತ್ತು ಬೂದಿ. ಕದಿರಪ್ಪ ಎಲೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಒಂದು ಸಲ ನಿಟ್ಟುಸಿರು ಬಿಟ್ಟು, ಅದನ್ನೇ ಹೇಳುತ್ತಿದ್ದ. ಕೆಲವರ ಗಿಡ ಸುಧಾರಿಸಿತು. ಸುಧಾರಿಸದವರು ತಮ್ಮ ಮನೆಯ ಮಜ್ಜಿಗೆಗೆ ಹುಳಿ ಸಾಲದೆಂದು ಹೆಂಡತಿಯರನ್ನು ಬೈದರು. ಔಷಧಿ ಅಂಗಡಿಯವನು ಬಂದು "ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಕದಿರಪ್ಪನವ್ರೇ" ಎಂದು ಕೈಮುಗಿದ. ಶ್ರೀಧರ್ ಮಾತ್ರ ಇದ್ಯಾವುದನ್ನೂ ನೋಡಲಿಲ್ಲ. ಕಚೇರಿ ಮುಂದೆ ಜನ ಸೇರಿರುವುದನ್ನು ಫೋಟೊ ತೆಗೆದು, ತಮ್ಮ ಜನಪ್ರಿಯತೆ ಎಂದು ಒಬ್ಬ ಭಾವಮೈದುನನಿಗೆ ಕಳಿಸಿದರು.

ಹೀಗಿರುವಾಗ ಮುನಿಶಾಮಿ ಬಂದ. ರಾಯಲ್ಪಾಡಿನ ಕಡೆಯವನು, ಮಾವಿನ ತೋಪಿನವನು, ತೆಲುಗು ಮನೆಮಾತು. ಸಾಲಿನವರೆಲ್ಲ ಹೋಗುವ ತನಕ ಹೊರಗೆ ಬೀಡಿ ಸೇದುತ್ತ ಕೂತಿದ್ದು, ಕೊನೆಗೆ ಒಳಗೆ ಬಂದು ಬಾಗಿಲು ಸ್ವಲ್ಪ ಮುಂದೆ ಮಾಡಿದ. ಪಂಚೆಯ ಮಡಿಕೆಯಿಂದ ಒಂದು ರೆಂಬೆ ತೆಗೆದ.

"ಚೂಡಂಡಿ ಸಾರ್. ಎಲೆ ಹಳದಿ ತಿರುಗ್ತಾ ಐತೆ. ಅಂಗಡಿಯೋನ ಹತ್ರ ಕೇಳೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಮೀ ದಗ್ಗರ, ನಿಮ್ಮ ಹತ್ರಾನೇ ಬಂದಿದೀನಿ."

ಕದಿರಪ್ಪ ರೆಂಬೆಯನ್ನು ಬೆಳಕಿಗೆ ಹಿಡಿದ. ಕೈಬೆರಳು ಹರಡಿದ ಹಾಗೆ ಉದ್ದುದ್ದ ಎಲೆ, ಅಂಚೆಲ್ಲ ಗರಗಸ. ಓದುವವರಿಗೆ ಈಗಾಗಲೇ ಅನುಮಾನ ಬಂದಿದ್ದರೆ ಆಶ್ಚರ್ಯವಿಲ್ಲ. ಕದಿರಪ್ಪನಿಗೆ ಬರಲಿಲ್ಲ. ಅವನು ಇಷ್ಟು ವರ್ಷ ಕಂಡಿದ್ದೆಲ್ಲ ಬಾಟಲಿ. ಗಾಂಜಾ ಹೇಗಿರುತ್ತದೆಂದು ತಿಳಿಸಲು ಮೇಲಿನಿಂದ ಒಂದು ಚಿತ್ರ ಬಂದಿತ್ತು, ಆದರೆ ಅದು ಜೆರಾಕ್ಸಿನ ಜೆರಾಕ್ಸು. ಅದರಲ್ಲಿ ಗಾಂಜಾ ಗಿಡ, ಪಕ್ಕದಲ್ಲಿ ಅದನ್ನು ಹಿಡಿದ ಪೇದೆ, ಇಬ್ಬರೂ ಒಂದೇ ಥರ ಕಪ್ಪಗಿದ್ದರು.

"ಚೆಂಡು ಹೂವಿನ ಗಿಡ ತಾನೇ?" ಎಂದ ಕದಿರಪ್ಪ.

ಮುನಿಶಾಮಿ ಅವನ ಮುಖವನ್ನೇ ನೋಡಿದ. ಆ ಮುಖದಲ್ಲಿ ಕಪಟವಿರಲಿಲ್ಲ. ಆದರೆ ಇಷ್ಟು ದೊಡ್ಡ ಆಫೀಸಿನಲ್ಲಿ ಕೂತವನ ಮುಖದಲ್ಲಿ ಕಪಟವಿಲ್ಲದಿರುವುದು ಸಾಧ್ಯವೇ? ಇದು ಸಾಹೇಬರು ತನ್ನನ್ನು ಕಾಪಾಡುವ ರೀತಿ ಎಂದು ಅವನಿಗೆ ಹೊಳೆಯಿತು. ಹೊಳೆದದ್ದೇ ಕಣ್ಣಲ್ಲಿ ನೀರು ತಂದುಕೊಂಡ.

"ತಾವು ಹೇಳಿದ್ಮೇಲೆ ಅದೇ ಸಾರ್. ಚೆಂಡು ಹೂವೇ. ಮಾವಿನ ಸಾಲಿನ ಮಧ್ಯೆ ಹಾಕಿದೀನಿ."

"ಒಳ್ಳೇದು. ಅಂತರ ಬೆಳೆ ಇರ್ಬೇಕು. ಹುಳಿ ಮಜ್ಜಿಗೆ ಚಿಮುಕಿಸು, ಬುಡಕ್ಕೆ ಬೂದಿ ಹಾಕು. ಹೆದರ್ಕೋಬೇಡ, ನಾವಿದೀವಿ."

"ನೀವಿದ್ದೀರ ಅಂದ್ಮೇಲೆ ನಂಗ್ಯಾವ ಭಯ ಸಾರ್!" ಎಂದು ಮುನಿಶಾಮಿ ಕಾಲಿಗೆ ಬಿದ್ದ. ಟೊಮೇಟೊದವರು ಯಾರೂ ಕಾಲಿಗೆ ಬಿದ್ದಿರಲಿಲ್ಲ. ಹೂವು ಬೆಳೆಯುವವರ ಸಂಸ್ಕಾರವೇ ಬೇರೆ ಎಂದು ಕದಿರಪ್ಪ ರಾತ್ರಿ ಊಟಕ್ಕೆ ಕೂತಾಗ ಬೈರಮ್ಮನಿಗೆ ಹೇಳಿದ.

ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಊರು ಬಗ್ಗತೊಡಗಿತ್ತು. ಎಮ್ಮೆ ಕದಿರಪ್ಪನೇ ಬಾಯಿಬಿಟ್ಟು "ಸಸ್ಯ ಕದಿರಪ್ಪ" ಎಂದು ಒಂದು ಸಲ ಕರೆದ. ಶಾಮಲಮ್ಮ ಮಾತ್ರ "ನೋಡೋಣ" ಎನ್ನುತ್ತಿದ್ದಳು. ಗಂಗರತ್ನಮ್ಮನವರು ಬಂದು ಬೋರ್ಡು ಉದ್ಘಾಟಿಸಿ, ಪೇಪರಿನವರು ಫೋಟೊ ತೆಗೆದರೆ ಅವಳೂ ಒಪ್ಪುತ್ತಾಳೆಂದು ಕದಿರಪ್ಪನಿಗೆ ಧೈರ್ಯವಿತ್ತು. ಆ ದಿನಕ್ಕೆ ಅವನು ಶಾಮಿಯಾನ ಹಾಕಿಸಿದ, ಕೋಲಾರದಿಂದ ವರದಿಗಾರರನ್ನು ಕರೆಸಿದ, ಗುಣವಾದ ಗಿಡದವರೆಲ್ಲ ತಪ್ಪದೆ ಬರಬೇಕೆಂದು ಹೇಳಿ ಕಳಿಸಿದ.

ಗಂಗರತ್ನಮ್ಮನವರು ಎತ್ತರದ ಹೆಂಗಸು. ಮಾತು ಕಡಿಮೆ, ನೋಟ ಜಾಸ್ತಿ. ಜೀಪಿನಿಂದ ಇಳಿದವರೇ ಶಾಮಿಯಾನದ ತುಂಬ ರೈತರನ್ನು ನೋಡಿ, "ಏನ್ರೀ ಶ್ರೀಧರ್, ಇಷ್ಟು ಜನ ಅಕ್ರಮ ಮದ್ಯದ ಬಗ್ಗೆ ದೂರು ಕೊಡೋಕೆ ಬಂದಿದಾರಾ?" ಎಂದು ಕೇಳಿದರು. ಶ್ರೀಧರ್ ಕದಿರಪ್ಪನ ಕಡೆ ನೋಡಿದರು. ಕದಿರಪ್ಪ "ಜನರ ಪ್ರೀತಿ ಮೇಡಂ" ಎಂದ.

ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಆಮೇಲೆ ಯಾರೂ ಕರೆಯದೆಯೇ ರೈತರು ವೇದಿಕೆ ಹತ್ತಲು ಶುರುಮಾಡಿದರು. ಒಬ್ಬ ಮೇಡಂ ಮುಂದೆ ಟೊಮೇಟೊ ಕ್ರೇಟು ಇಳಿಸಿ, "ಕದಿರಪ್ಪ ಸಾರ್ ಉಳಿಸಿದ್ದು" ಎಂದ. ಇನ್ನೊಬ್ಬ ಬೀನ್ಸ್ ತಂದ. ಮೇಡಂ ಹುಬ್ಬು ಮೇಲೇರಿದ್ದು ಕೆಳಗಿಳಿಯಲಿಲ್ಲ. ಕೊನೆಗೆ ಮುನಿಶಾಮಿ ಬಂದ. ಹೊಸ ಪಂಚೆ, ಹಣೆಯಲ್ಲಿ ಕುಂಕುಮ, ತಲೆ ಮೇಲೆ ಚೀಲ. ಚೀಲದ ಬಾಯಿಗೆ ನಿಜವಾದ ಚೆಂಡು ಹೂವಿನ ಹಾರ ಕಟ್ಟಿತ್ತು. ಅದನ್ನು ಮೇಡಂ ಕಾಲ ಬಳಿ ಇಳಿಸಿ, ಬಾಯಿ ಬಿಚ್ಚಿ, ಕೈಮುಗಿದು ನಿಂತ.

ವಾಸನೆ ಮೊದಲನೆಯ ಸಾಲಿನ ತನಕ ಬಂತು. ಆ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕ ಕಣ್ಣು ಮುಚ್ಚಿ "ಆಹಾ" ಎಂದ.

"ಇದೇನಿದು?" ಎಂದರು ಗಂಗರತ್ನಮ್ಮನವರು. ಏನೆಂದು ಅವರಿಗೆ ಆಗಲೇ ಗೊತ್ತಾಗಿತ್ತು.

"ಚೆಂಡು ಹೂವು ಮೇಡಂ!" ಎಂದ ಮುನಿಶಾಮಿ, ಕದಿರಪ್ಪನಿಗೆ ಕಣ್ಣು ಹೊಡೆದು.

"ಯಾರ್ ಬೆಳೆದಿದ್ದು?"

"ಹೆತ್ತೋನು ನಾನು ಮೇಡಂ, ಸಾಕಿದ್ದು ಕದಿರಪ್ಪ ಸಾರು. ಬಾಡೋಗಿತ್ತು. ಮಜ್ಜಿಗೆ ಹೇಳಿದ್ರು, ಬೂದಿ ಹೇಳಿದ್ರು. ಈಗ ತೋಪಲ್ಲಿ ಆಳೆತ್ತರ ನಿಂತೈತೆ. ದೇವುಡು ಮೇಡಂ ಇವರು, ದೇವುಡು!"

ಶ್ರೀಧರ್ ಅವರ ಫೋನು ರಿಂಗಾಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವರು ಅದನ್ನು ಎತ್ತಲಿಲ್ಲ. ಕದಿರಪ್ಪನಿಗೆ ಆಗ ಜೆರಾಕ್ಸಿನ ಚಿತ್ರ ನೆನಪಾಯಿತು. ಗಿಡ ಯಾವುದು, ಪೇದೆ ಯಾರು ಎಂಬುದು ಥಟ್ಟನೆ ಬೇರೆಬೇರೆಯಾಗಿ ಕಂಡಿತು. ಟೊಮೇಟೊ ಕ್ರೇಟಿನ ಮೇಲೆ ಕುಳಿತುಬಿಟ್ಟ.

ಪೇಪರಿನವರು ಕ್ಯಾಮೆರಾ ಎತ್ತಿದರು. ಗಂಗರತ್ನಮ್ಮನವರು ಅವರಿಗಿಂತ ಚುರುಕು. "ಹಿಡೀರಿ ಅವನ್ನ!" ಎಂದು ಮುನಿಶಾಮಿಯ ಕಡೆ ಕೈ ತೋರಿಸಿ, ಕದಿರಪ್ಪನ ತೋಳು ಹಿಡಿದು ಒಳಗಿನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು.

"ನಿಜ ಹೇಳಿ. ನಿಮಗೆ ಗೊತ್ತಿತ್ತಾ, ಗೊತ್ತಿರ್ಲಿಲ್ವಾ?"

"ದೇವರಾಣೆ ಚೆಂಡು ಹೂವು ಅಂದ್ಕೊಂಡಿದ್ದೆ ಮೇಡಂ."

"ಹಾಗಂತ ನಾನು ಬರೆದ್ರೆ ನಿಮ್ಮನ್ನ ಸಸ್ಪೆಂಡ್ ಮಾಡ್ಬೇಕು. ನಿಮ್ಮನ್ನ ಮಾಡಿದ್ರೆ ಸೈನ್ ಹಾಕಿದ ಶ್ರೀಧರ್‌ನ ಮಾಡ್ಬೇಕು. ಅವರನ್ನ ಮಾಡಿದ್ರೆ ಈ ದರಿದ್ರ ಹೆಸರು ಒಪ್ಪಿದ ನನ್ನನ್ನೂ ಮಾಡ್ಬೇಕು. ಅಷ್ಟೆಲ್ಲ ಯಾಕೆ? ನೀವು ಸುಮ್ನೆ ವೀರರಾಗಿಬಿಡಿ."

ಹೊರಗೆ ಬಂದ ಗಂಗರತ್ನಮ್ಮನವರು ಮೈಕು ಹಿಡಿದರು. ಗಾಂಜಾ ಬೆಳೆಗಾರರನ್ನು ಬಲೆಗೆ ಕೆಡವಲು ಮಂಡಳಿಯು ರಹಸ್ಯವಾಗಿ ಹೆಸರು ಬದಲಿಸಿತ್ತೆಂದೂ, ಈ ವ್ಯೂಹವನ್ನು ಹೆಣೆದವರು ಕದಿರಪ್ಪನವರೆಂದೂ, ವ್ಯೂಹ ಫಲಿಸಿದ್ದರಿಂದ ನಾಳೆಯಿಂದ ಮಂಡಳಿಯ ಹೆಸರು ಮದ್ಯ ಮತ್ತು ಗಾಂಜಾ ನಿಗ್ರಹ ಮಂಡಳಿ ಎಂದೇ ಇರುವುದೆಂದೂ ಘೋಷಿಸಿದರು. ಜೀಪಿನಲ್ಲಿ ಕೂತ ಮುನಿಶಾಮಿ "ಮೋಸಮು! ಮಜ್ಜಿಗೆ ಹೇಳಿದ್ದು ಅವರೇ!" ಎಂದು ಕೂಗುತ್ತಲೇ ಹೋದ. ಟೊಮೇಟೊದವರು ತಮ್ಮ ಕ್ರೇಟನ್ನು ಮೆಲ್ಲಗೆ ವಾಪಸ್ಸು ಎತ್ತಿಕೊಂಡರು.

ಮರುದಿನ ಪೇಪರಿನಲ್ಲಿ ಕದಿರಪ್ಪ ಕ್ರೇಟಿನ ಮೇಲೆ ಕೂತ ಫೋಟೊ ಬಂತು. ಬೆವರಿದ ಆ ಮುಖಕ್ಕೆ "ಕಾರ್ಯಾಚರಣೆಯ ಆಯಾಸ" ಎಂದು ಬರೆದಿದ್ದರು. ಕ್ಯಾಲನೂರಿನ ಸರ್ಕಲ್ಲಿನಲ್ಲಿ ಹುಲಿಯ ಪಕ್ಕ ಅವನನ್ನು ನಿಲ್ಲಿಸಿದ ಫ್ಲೆಕ್ಸು ಎದ್ದಿತು: ಗಾಂಜಾ ಬೇಟೆಯಾಡಿದ ನಮ್ಮೂರ ಹುಲಿ! ಬ್ರಾಂದಿ ಎಂದು ಯಾರೂ ಅನ್ನದಾದರು. ಡೇರಿಯಲ್ಲಿ ಶಾಮಲಮ್ಮನೇ ಎದ್ದು ನಿಂತು ಅವನ ಕ್ಯಾನು ಇಸಿದುಕೊಂಡಳು. ಕದಿರಪ್ಪನಿಗೆ ಮನಸ್ಸು ಹೂವಾಯಿತು. ಸಸ್ಯ ಹೋದರೆ ಹೋಯಿತು, ಹುಲಿ ಸಿಕ್ಕಿತಲ್ಲ! ಚನ್ನರಾಯಪ್ಪನವರಿಗೆ ಈ ಗಲಾಟೆಯ ಸುಳಿವೂ ಹತ್ತಲಿಲ್ಲ. ಪೇಪರ್ ಓದಿದರೆ ಭಜನೆಗೆ ಮನಸ್ಸು ನಿಲ್ಲುವುದಿಲ್ಲವೆಂದು ಅವರು ಪೇಪರ್ ಬಿಟ್ಟು ಬಹಳ ಕಾಲವಾಗಿತ್ತು.

ಮದುವೆಯ ಹಿಂದಿನ ದಿನ ಕದಿರಪ್ಪ ಆವಲಪ್ಪನನ್ನು ಹಿಡಿದ. "ಜ್ಞಾಪಕ ಇದೆ ತಾನೇ? ಬ್ರಾಂದಿ ಅನ್ಬಾರ್ದು."

"ಬಿಡ್ತು ಅನ್ನಣ್ಣ! ಯಾರಂತಾರೆ ಈಗ? ಹೊಸ ಗುರುತು ಊರೆಲ್ಲ ಒಪ್ಪಿದೆ. ನಂಗೆ ಬಿಟ್ಬಿಡು."

ಹುಲಿ ಕದಿರಪ್ಪ ಎಂದೇ ಕೂಗುತ್ತಾನೆ ಅಂದುಕೊಂಡ ಕದಿರಪ್ಪ, ಕನ್ನಡಿ ಮುಂದೆ ನಿಂತು ಮೀಸೆಗೆ ಒಂದು ತಿರುವು ಕೊಟ್ಟ. "ಇಷ್ಟು ವಯಸ್ಸಿಗೆ ಮೀಸೆ ಬೇರೆ" ಎಂದಳು ಬೈರಮ್ಮ. ಅವಳಿಗೂ ಒಳಗೊಳಗೇ ಖುಷಿಯಾಗಿತ್ತು.

ಕೋಲಾರದ ಕಲ್ಯಾಣ ಮಂಟಪ ತುಂಬಿತ್ತು. ಮಾಲೂರಿನ ಭಜನೆಯವರು ಮುಂದಿನ ಸಾಲುಗಳಲ್ಲಿ ತಾಳ ಹಿಡಿದು ಕೂತಿದ್ದರು. ಹಸೆಮಣೆಯ ಮೇಲೆ ನರೇಶ, ಪಕ್ಕದಲ್ಲಿ ತಲೆ ತಗ್ಗಿಸಿದ ಪವಿತ್ರ. ಧಾರೆಗೆ ಮುಂಚೆ ಹೆಣ್ಣಿನ ತಂದೆ ಅಳಿಯನಿಗೆ ಉಂಗುರ ತೊಡಿಸುವ ಹೊತ್ತು ಬಂತು. ಕದಿರಪ್ಪ ಎದೆ ಸೆಟೆದು ನಿಂತ. ಆವಲಪ್ಪ ಮೈಕನ್ನು ಒಂದು ಸಲ ಊದಿ, ತನ್ನ ಶಕ್ತಿಯನ್ನೆಲ್ಲ ಗಂಟಲಿಗೆ ತಂದುಕೊಂಡ.

"ಹೆಣ್ಣಿನ ತಂದೆಯವರಾದ, ಪೇಪರಿನಲ್ಲಿ ಬಂದ, ನಮ್ಮ ಹೆಮ್ಮೆಯ, ಕ್ಯಾಲನೂರಿನ ಗಾಂಜಾ ಕದಿರಪ್ಪನವರಿಂದ ಅಳಿಯಂದಿರಿಗೆ ಚಿನ್ನದ ಉಂಗುರಾ!"

ಕ್ಯಾಲನೂರಿನವರೆಲ್ಲ ಚಪ್ಪಾಳೆ ತಟ್ಟಿದರು. ಭಜನೆಯವರ ಕೈಯಲ್ಲಿದ್ದ ತಾಳ ಒಂದು ಕೆಳಗೆ ಬಿದ್ದು ಉರುಳಿಕೊಂಡು ಹೋಯಿತು. ಚನ್ನರಾಯಪ್ಪನವರು ನಿಧಾನವಾಗಿ ಎದ್ದರು, ಶಲ್ಯವನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ಏಳೋ ನರೇಶ."

ನರೇಶ ಪವಿತ್ರಳ ಮುಖ ನೋಡಿದ. ಪವಿತ್ರ ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಕದಿರಪ್ಪ ಎರಡೇ ನೆಗೆತಕ್ಕೆ ವೇದಿಕೆಯ ಮೂಲೆ ಮುಟ್ಟಿ, ಆವಲಪ್ಪನನ್ನು ಪಕ್ಕಕ್ಕೆ ತಳ್ಳಿ, ಮೈಕು ಕಿತ್ತುಕೊಂಡ.

"ಸುಳ್ಳು! ಯಾರೂ ನಂಬಬೇಡಿ! ನಾನು ಗಾಂಜಾ ಕದಿರಪ್ಪ ಅಲ್ಲ. ನಾನು ಬ್ರಾಂದಿ ಕದಿರಪ್ಪ! ಮೊದಲಿಂದ್ಲೂ ಬ್ರಾಂದಿ ಕದಿರಪ್ಪ! ಕ್ಯಾಲನೂರಲ್ಲಿ ಯಾರನ್ನಾದ್ರೂ ಕೇಳಿ! ಎಮ್ಮೆ ಕದಿರಪ್ಪ, ಎದ್ದು ಹೇಳೋ! ಶಾಮಲಮ್ಮಾ, ನೀನಾದ್ರೂ ಹೇಳಮ್ಮಾ!"

ಶಾಮಲಮ್ಮ ಎದ್ದು ಸೊಂಟದ ಮೇಲೆ ಕೈಯಿಟ್ಟಳು. ಹಾಲಿನ ವಿಷಯವಾಗಲಿ ಮನುಷ್ಯರ ವಿಷಯವಾಗಲಿ ಅವಳು ಸುಳ್ಳು ಹೇಳುವವಳಲ್ಲವೆಂದು ಎಲ್ಲರಿಗೂ ಗೊತ್ತು.

"ಹೌದು ಸ್ವಾಮಿ. ನಾನು ನೋಡಿದಾಗ್ನಿಂದ ಈ ಯಪ್ಪ ಬ್ರಾಂದಿ ಕದಿರಪ್ಪನೇ. ಗಾಂಜಾ ಗೀಂಜಾ ಎಲ್ಲ ಈಚೀಚೆಗೆ ಜನ ಕಟ್ಟಿದ್ದು."

"ಹೌದೌದು, ಬ್ರಾಂದಿ ಕದಿರಪ್ಪನೇ!" ಎಂದು ಊರೆಲ್ಲ ಒಂದೇ ಬಾಯಿಯಲ್ಲಿ ಸಾಕ್ಷಿ ಹೇಳಿತು.

ಚನ್ನರಾಯಪ್ಪನವರು ಭಜನೆಯವರ ಕಡೆ ನೋಡಿದರು. ಭಜನೆಯವರು ಅವರ ಕಡೆ ನೋಡಿದರು. ಹಿರಿಯರೊಬ್ಬರು ಕೆಳಗೆ ಬಿದ್ದ ತಾಳವನ್ನು ಎತ್ತಿಕೊಂಡು, ಒರೆಸಿ, ಸಮಾಧಾನದ ಉಸಿರು ಬಿಟ್ಟರು. ಚನ್ನರಾಯಪ್ಪನವರು ಹಣೆಯ ಬೆವರನ್ನು ಶಲ್ಯದಿಂದ ಒರೆಸಿಕೊಂಡು, ಕುರ್ಚಿಯಲ್ಲಿ ಧಪ್ಪನೆ ಕುಳಿತರು.

"ಅಯ್ಯೋ ದೇವರೇ, ಜೀವವೇ ಹೋಗಿತ್ತು! ಬರೀ ಬ್ರಾಂದಿ ತಾನೇ ಬೀಗರೇ? ಅದನ್ನ ಮೊದಲೇ ಸರಿಯಾಗಿ ಕೂಗಿಸಬಾರದಿತ್ತೇ?" ಎಂದು ವಾಲಗದವರ ಕಡೆ ಕೈಬೀಸಿದರು. "ಊದ್ರಪ್ಪಾ, ಮುಹೂರ್ತ ಮೀರ್ತಾ ಇದೆ!"